ಹೊಸ್ತಿಲ ಕೆಮ್ಮು

ಶಾಂತಲಿಂಗಪ್ಪ ಕೆಮ್ಮಿದರೆ ಮನೆಯ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅದು ರೋಗದ ಕೆಮ್ಮಲ್ಲ. ಎಪ್ಪತ್ತರ ಹತ್ತಿರ ಬಂದರೂ ಅವನ ಎದೆ ಗಟ್ಟಿಮುಟ್ಟಾಗಿಯೇ ಇತ್ತು. ಹೊಲದಿಂದಲೋ ಚಾವಡಿಯಿಂದಲೋ ಬಂದವನು ಹೊಸ್ತಿಲ ಹೊರಗೆ ಚಪ್ಪಲಿ ಬಿಡುವಾಗ ಗಂಟಲು ಸರಿಪಡಿಸಿಕೊಂಡು ಒಮ್ಮೆ ಕೆಮ್ಮುತ್ತಿದ್ದ. ಒಳಗಿನ ಮಾತು ನಿಲ್ಲುತ್ತಿತ್ತು, ಬಳೆಗಳ ಸದ್ದು ಅಡುಗೆಮನೆಯ ಕಡೆ ಸರಿಯುತ್ತಿತ್ತು, ಆಮೇಲೆ ಅವನು ಒಳಗೆ ಕಾಲಿಡುತ್ತಿದ್ದ. ಅವನ ಅಪ್ಪನೂ ಹಾಗೇ ಕೆಮ್ಮುತ್ತಿದ್ದ. ಹೊಲ, ಬಾವಿ, ಪಡಸಾಲೆಯ ಜೊತೆಗೆ ಆ ಕೆಮ್ಮೂ ಅವನಿಗೆ ಹಿರಿಯರಿಂದ ಬಂದ ಆಸ್ತಿ.

ಗಡಿನಾಡಿನ ಅಕ್ಕಲಕೋಟ ತಾಲೂಕಿನ ಆ ಊರಲ್ಲಿ ಇಂಥ ಮನೆಗಳು ಈಗ ಬೆರಳೆಣಿಕೆಯಷ್ಟೇ. ಪಕ್ಕದ ಮನೆಯ ಸೊಸೆ ಮಾವನ ಫಟಫಟಿಯ ಹಿಂದೆ ಕೂತು, ದಾರಿಯುದ್ದಕ್ಕೂ ಅವನ ಜೊತೆ ವಾದ ಮಾಡುತ್ತ ಬಜಾರಕ್ಕೆ ಹೋಗಿಬರುತ್ತಾಳೆ. ಶಾಂತಲಿಂಗಪ್ಪನ ಮನೆಯಲ್ಲಿ ಮಾತ್ರ, ಮರವಡೆ ಎಂಬ ಊರಿನಿಂದ ನಂದಾ ಸೊಸೆಯಾಗಿ ಬಂದು ಹನ್ನೆರಡು ವರ್ಷವಾದರೂ ಮಾವನ ಮುಂದೆ ಒಂದು ಮಾತಾಡಿದವಳಲ್ಲ. ಆಡಬೇಡ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಆಡು ಎಂದೂ ಹೇಳಲಿಲ್ಲ. ಹಾಗಂತ ಶಾಂತಲಿಂಗಪ್ಪ ಕೆಟ್ಟ ಮನುಷ್ಯನೇನಲ್ಲ. ಹಬ್ಬ ಬಂದರೆ ಸೊಸೆಗೆ ಒಳ್ಳೆಯ ಇಳಕಲ್ ಸೀರೆಯನ್ನೇ ತರುತ್ತಿದ್ದ, ಹೆಂಡತಿಯ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದ. ಸೀರೆ ಕೊಟ್ಟ ಹಾಗೆ ಒಂದು ಮಾತನ್ನೂ ಕೊಡಬಹುದು ಎಂದು ಅವನಿಗೆ ಹೊಳೆದಿರಲಿಲ್ಲ.

ಹೆಂಡತಿ ಗುರುಬಾಯಿಗೋ ಕಿವಿ ಮಂದ. ಅವಳಿಗೆ ಏನಾದರೂ ಹೇಳಬೇಕೆಂದರೆ ಕೂಗಬೇಕು, ಮಾವ ಪಡಸಾಲೆಯಲ್ಲಿದ್ದರೆ ಸೊಸೆ ಕೂಗುವಂತಿಲ್ಲ. ಹೀಗೆ ಆ ಮನೆಯಲ್ಲಿ ಒಬ್ಬಳಿಗೆ ಕೇಳಿಸುತ್ತಿರಲಿಲ್ಲ, ಇನ್ನೊಬ್ಬ ಕೇಳಿಸಿಕೊಳ್ಳುವಂತಿರಲಿಲ್ಲ. ಮಗ ಸಿದ್ದೇಶ್ವರ ಟ್ರಕ್ ಓಡಿಸುತ್ತಿದ್ದವನು, ಸೂರತ್, ಚೆನ್ನೈ ಎಂದು ವಾರಗಟ್ಟಲೆ ದಾರಿಯ ಮೇಲೆಯೇ ಇರುತ್ತಿದ್ದ. ಹಾಗಾಗಿ ಮೊಮ್ಮಗಳು ದೀಪಾಲಿಗೆ ಮಾತು ಬಂದ ದಿನದಿಂದ ಒಳಗಿನ ಸುದ್ದಿ ಹೊರಗೆ, ಹೊರಗಿನ ಸುದ್ದಿ ಒಳಗೆ ಒಯ್ಯುವ ಕೆಲಸ ಅವಳ ಪಾಲಿಗೆ ಬಿತ್ತು.

ಹೋದ ಮಳೆಗಾಲದಲ್ಲಿ ಬದುವಿನ ಮೇಲೆ ಹುಲ್ಲು ಕೊಯ್ಯುವಾಗ ನಂದಾಳಿಗೆ ಹಾವು ಕಚ್ಚಿತು. ಸೋಲಾಪುರ ಮುಟ್ಟುವಷ್ಟರಲ್ಲಿ ಅವಳ ರೆಪ್ಪೆ ಜೋತುಬಿದ್ದಿತ್ತು, ಉಸಿರು ನಿಲ್ಲುತ್ತ ಬಂದಿತ್ತು. ದವಾಖಾನೆಯವರು ಬಾಯಿಯಿಂದ ಗಂಟಲೊಳಗೆ ನಳಿಗೆ ಇಳಿಸಿ ಯಂತ್ರಕ್ಕೆ ಹಚ್ಚಿದರು. ಅದರ ಮೇಲೆ ಎದೆಯಲ್ಲಿ ಕಫ ಕಟ್ಟಿಕೊಂಡು, ಆ ನಳಿಗೆ ಎರಡು ವಾರ ದಾಟಿದರೂ ತೆಗೆಯಲಾಗಲಿಲ್ಲ. ಕೊನೆಗೆ ಬದುಕಿದಳು. ಊರೆಲ್ಲ ಬಂದು ನೋಡಿಹೋಯಿತು, ಗುರುಬಾಯಿ ಅಕ್ಕಲಕೋಟದ ಸ್ವಾಮಿ ಸಮರ್ಥರಿಗೆ ಹರಕೆ ತೀರಿಸಿ ಬಂದಳು.

ಮನೆಗೆ ಕಳಿಸುವ ದಿನ ಸಿದ್ದೇಶ್ವರ ಔಷಧ ತರಲು ಕೆಳಗೆ ಹೋಗಿದ್ದ. ಚಿಕ್ಕ ವಯಸ್ಸಿನ ಡಾಕ್ಟರಬಾಯಿಯೊಬ್ಬಳು ಶಾಂತಲಿಂಗಪ್ಪನನ್ನು ಮಂಚದ ಪರದೆಯ ಈಚೆಗೆ ಕರೆದು ನಿಲ್ಲಿಸಿಕೊಂಡು, "ಆಜೋಬಾ", ಅಂದರೆ ಅಜ್ಜಾ, ಎಂದು ಶುರುಮಾಡಿ, ಮರಾಠಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದಳು. ನಳಿಗೆ ಬಹಳ ದಿನ ಇತ್ತು. ಒಳಗೆ ಗಾಯ ಆಗಿರಬಹುದು, ಗಾಯ ಮಾಯುವಾಗ ದಾರಿ ಬಿಗಿಯಬಹುದು. ಸೊಸೆಯ ಧ್ವನಿ ಬದಲಾದರೆ, ಒಡೆದರೆ, ಸಣ್ಣಗಾದರೆ, ಒಂದು ದಿನವೂ ತಡಮಾಡದೆ ಕರೆದುಕೊಂಡು ಬನ್ನಿ. ಲಕ್ಷ್ಯ ಇರಲಿ ಆಜೋಬಾ, ಧ್ವನಿಯ ಮೇಲೆ ಲಕ್ಷ್ಯ ಇರಲಿ.

ಶಾಂತಲಿಂಗಪ್ಪ ತಲೆಯಾಡಿಸಿದ. ಹಿರಿಯ ಎಂದು ತನ್ನನ್ನೇ ಕರೆದು ಹೇಳಿದ್ದಕ್ಕೆ ಒಳಗೊಳಗೇ ಹಿಗ್ಗಿದ ಕೂಡ. ಮನೆಗೆ ಮರಳುವ ಗಾಡಿ ಹೋಟಗಿ ಊರು ದಾಟಿದ ಮೇಲೆ ಅವನಿಗೆ ವಿಷಯ ಹೊಳೆಯಿತು. ಬದಲಾದದ್ದು ತಿಳಿಯಬೇಕಾದರೆ ಮೊದಲು ಹೇಗಿತ್ತು ಎಂದು ಗೊತ್ತಿರಬೇಕಲ್ಲ! ಸೊಸೆಯ ಧ್ವನಿ ಹೇಗಿದೆ ಎಂದು ತನಗೆ ಗೊತ್ತೇ ಇಲ್ಲ. ಇಡೀ ಮನೆಯಲ್ಲಿ ಅದನ್ನು ಕೇಳದವನು ತಾನೊಬ್ಬನೇ, ಕಾವಲಿಗೆ ನೇಮಿಸಿದ್ದೂ ತನ್ನನ್ನೇ.

ಮಗನಿಗೆ ಹೇಳಿಬಿಡಬಹುದಿತ್ತು. ಆದರೆ ಡಾಕ್ಟರು ನನಗೊಂದು ಕೆಲಸ ಒಪ್ಪಿಸಿದ್ದಾರೆ, ಅದು ನನ್ನಿಂದ ಆಗುವುದಿಲ್ಲ ಎಂದು ಮಗನ ಮುಂದೆ ಹೇಗೆ ಹೇಳುವುದು? ಗುರುಬಾಯಿಗೆ ಹೇಳೋಣವೆಂದರೆ ಓಣಿಗೆಲ್ಲ ಕೇಳುವಂತೆ ಕೂಗಬೇಕು. ದೀಪಾಲಿ ಹುಡುಗಿ, ಸುಮ್ಮನೆ ಹೆದರುತ್ತಾಳೆ. ನಂದಾಳಿಗೇ ಹೇಳುವ ಯೋಚನೆ ಅವನ ತಲೆಗೆ ಬರಲೇ ಇಲ್ಲ. ನಾಳೆ ನೋಡಿದರಾಯಿತು ಎಂದುಕೊಂಡ. ಸಿದ್ದೇಶ್ವರ ಮತ್ತೆ ಟ್ರಕ್ ಹತ್ತಿ ಹೋದ, ನಾಳೆಗಳು ಒಂದರ ಹಿಂದೊಂದು ಬಂದವು.

ಆಮೇಲೆ ನಂದಾ ಬಾಗಿಲಲ್ಲಿ ನಿಲ್ಲತೊಡಗಿದಳು.

ಮೊದಲೆಲ್ಲ ಊಟದ ತಾಟು ಇಟ್ಟ ಕೂಡಲೇ ತಿರುಗಿ ಹೋಗುತ್ತಿದ್ದವಳು ಈಗ ತಾಟು ಇಟ್ಟು, ನೀರು ಇಟ್ಟು, ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಶಾಂತಲಿಂಗಪ್ಪನ ಕಣ್ಣು ತಾಟಿನ ಜೋಳದ ಭಕ್ರಿಯ ಮೇಲೆ. ತಲೆಯೆತ್ತಿ ನೋಡುವ ರೂಢಿ ಅವನಿಗಿರಲಿಲ್ಲ. ಬಳೆ ಒಮ್ಮೆ ಸದ್ದಾಗುತ್ತಿತ್ತು, ಸ್ವಲ್ಪ ಬಿಟ್ಟು ಇನ್ನೊಮ್ಮೆ. ಏನೋ ಬೇಕಾಗಿರಬೇಕು ಎಂದುಕೊಂಡು ಅವನು ಮೊಮ್ಮಗಳನ್ನು ಕೂಗುತ್ತಿದ್ದ.

"ದೀಪಾ, ನಿಮ್ಮವ್ವಗ ಏನ್ ಬೇಕಂತ ಕೇಳವ್ವಾ."

ದೀಪಾಲಿ ಹೋಗಿ ಕೇಳಿ ಬರುತ್ತಿದ್ದಳು. "ಏನೂ ಬ್ಯಾಡಂತ ಮುತ್ಯಾ."

ಅವನು ಇನ್ನೊಂದು ತುತ್ತು ಬಾಯಿಗಿಡುತ್ತಿದ್ದ. ಬಳೆಯ ಸದ್ದು ಒಳಗೆ ಹೋಗುತ್ತಿತ್ತು. ದಸರೆಯ ತನಕ ಹೀಗೇ ನಡೆಯಿತು, ಆಮೇಲೆ ಅವಳು ನಿಲ್ಲುವುದನ್ನು ಬಿಟ್ಟಳು. ಏನಿತ್ತೋ ತೀರಿರಬೇಕು ಎಂದು ಶಾಂತಲಿಂಗಪ್ಪ ನಿರಾಳವಾದ. ಎಂಥ ಮನುಷ್ಯ ನೋಡಿ!

ದೀಪಾವಳಿಯ ಹೊತ್ತಿಗೆ ಅಡುಗೆಮನೆಯಿಂದ ಒಂದು ಸದ್ದು ಬರತೊಡಗಿತು. ಸಣ್ಣ ಸಂದಿನಲ್ಲಿ ಗಾಳಿ ನುಗ್ಗಿದ ಹಾಗೆ, ಎಳೆದು ಎಳೆದು. ಒಂದು ಮಧ್ಯಾಹ್ನ ಶಾಂತಲಿಂಗಪ್ಪ ಕಿವಿಗೊಟ್ಟು ಕೇಳಿದ. "ಅದೇನ ಸಪ್ಪಳ ಬೇ? ಗ್ಯಾಸ್ ಸೋರಾಕತ್ತೈತೇನ?"

"ಇಲ್ಲ ಮುತ್ಯಾ," ಎಂದಳು ದೀಪಾಲಿ. "ಅವ್ವ ಉಸಿರಾಡಾಕತ್ತಾಳ."

 ಮರುದಿನವೇ ಶಾಂತಲಿಂಗಪ್ಪ ನಂದಾಳನ್ನು ಗುರುಬಾಯಿಯ ಜೊತೆ ಅಕ್ಕಲಕೋಟದ ಡಾಕ್ಟರನ ಹತ್ತಿರ ಕಳಿಸಿದ. ಅಲ್ಲಿ ದಮ್ಮು ಎಂದರು, ಸೇದುವ ಪಂಪು ಕೊಟ್ಟರು. ದಮ್ಮು ಎಂದರೆ ದಮ್ಮೇ ಇರಬೇಕು, ಡಾಕ್ಟರಿಗಿಂತ ನನಗೆ ಹೆಚ್ಚು ತಿಳಿಯುತ್ತದೆಯೇ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಡಾಕ್ಟರಬಾಯಿಯ ಮಾತು ಮಾತ್ರ ಮನಸ್ಸಿನ ಮೂಲೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು.

ಪಂಪು ಏನೂ ಮಾಡಲಿಲ್ಲ. ಒಂದು ಬೆಳಿಗ್ಗೆ ನೀರು ತುಂಬಿಸುತ್ತಿದ್ದ ನಂದಾ ಬಾವಿಯ ಕಟ್ಟೆಗೆ ಒರಗಿ ಕುಸಿದಳು. ತುಟಿ ನೀಲಿಯಾಗಿತ್ತು, ಎದೆ ಏಳುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಹೊಲದ ಆಳು ಪೀರಪ್ಪ ಯಾರದೋ ಜೀಪು ಹಿಡಿದು ತಂದ. ಈ ಸಲ ಒಯ್ದದ್ದು ಸೋಲಾಪುರದ ಇನ್ನೊಂದು ದವಾಖಾನೆಗೆ. ಅಲ್ಲಿ ಬಾಗಿಲಲ್ಲೇ ಅವಳ ಕುತ್ತಿಗೆಯ ಕೆಳಗೆ ತೂತು ಕೊರೆದು ಒಂದು ನಳಿಗೆ ತೂರಿಸಿದರು. ಗಾಳಿ ಆ ತೂತಿನಿಂದ ಒಳಗೆ ಹೋಯಿತು, ಜೀವ ನಿಂತಿತು.

ಎರಡು ದಿನದ ಮೇಲೆ ಗಂಟಲಿನ ಡಾಕ್ಟರ್ ಓಂಕಾರ ಎಲ್ಲರನ್ನೂ ನಂದಾಳ ಮಂಚದ ಹತ್ತಿರ ಕರೆದ. ಪುಣೆಯಲ್ಲಿ ಕಲಿತು ಬಂದ ಸೋಲಾಪುರದ ಹುಡುಗ, ಮರಾಠಿಯ ನಡುವೆ ಮನೆಯ ಕನ್ನಡ ಸೇರಿಸಿ ಮಾತಾಡುತ್ತಿದ್ದ. ಸಿದ್ದೇಶ್ವರ ಟ್ರಕ್ಕನ್ನು ದಾರಿಯಲ್ಲೇ ಇನ್ನೊಬ್ಬನಿಗೆ ಒಪ್ಪಿಸಿ ಓಡಿ ಬಂದಿದ್ದ.

"ದಮ್ಮಲ್ಲರಿ ಇದು," ಎಂದ ಓಂಕಾರ. "ಮೊಣಕಾಲ ಗಾಯ ಮಾಯಿದ ಮ್ಯಾಲ ತೊಗಲು ಬಿಗೀತೈತಲ್ಲ, ಹಂಗ ಆವಾಜಿನ ಪೆಟಗಿ ಒಳಗ ಆಗೈತಿ. ಉಸಿರಿನ ದಾರಿ ಪೆನ್ಸಿಲ್ ಸೀಸದಷ್ಟು ಉಳದೈತಿ. ಆವಾಜ ಬದಲಾದ ಕೂಡಲೇ ಬಂದಿದ್ರ ನಾ ಕುತಗಿಗೆ ಚಾಕು ಹಚ್ತಿದ್ದಿಲ್ಲ. ಬಾಯಿಂದ ದುರ್ಬೀನು ಇಳಿಸಿ, ಲೇಸರ್‌ಲೆ ಕೊಯ್ದು, ಒಂದ ಸಣ್ಣ ಫುಗ್ಗಾ ಉಬ್ಬಿಸಿ ದಾರಿ ಅಗಲ ಮಾಡ್ತಿದ್ದೆ. ಮರುದಿನ ಮನಿಗೆ."

"ಈಗ್ರಿ?" ಎಂದ ಸಿದ್ದೇಶ್ವರ.

"ಈಗ ಕುತಗಿ ಬಿಚ್ಚಬೇಕು. ಪಕ್ಕಡಿ ಎಲುಬಿನ ತುದ್ಯಾಗ ಮೆತ್ತನ್ನ ಎಲುಬು ಇರ್ತೈತಿ, ಅದರದು ಒಂದ ತುಂಡು ತಗದು ಇಲ್ಲಿ ಬೆಣಿ ಹೊಡದಂಗ ಕೂಡಸ್ಬೇಕು. ಅದು ಹತ್ತಿಕೊಳ್ಳೂ ತನಕಾ ಒಳಗ ಒಂದ ನಳಿಗಿ ಬಿಡಬೇಕು, ತಿಂಗಳಗಟ್ಟಲೆ. ಉಸಿರು ಕೊಡ್ತೀನಿ, ಅದು ನನ್ನ ಜಬಾಬ್ದಾರಿ. ಆವಾಜಿನ ಭರವಸಾ ಕೊಡಾಂಗಿಲ್ಲ." ಓಂಕಾರ ಒಬ್ಬೊಬ್ಬರ ಮುಖವನ್ನೂ ನೋಡಿದ. "ಮನ್ಯಾಗ ಇಷ್ಟ ಮಂದಿ ಇದ್ದೀರಿ. ಆವಾಜ ಬದಲಾಗಿದ್ದು ಯಾರಿಗೂ ತಿಳೀಲಿಲ್ಲ? ಮೊದಲಿನ ದವಾಖಾನಿಯವ್ರು ಏನೂ ಹೇಳಿದ್ದಿಲ್ಲ?"

"ನನಗ ಫೋನಿನ್ಯಾಗ ಗಂಟಲಾ ಕಟ್ಟೈತಿ ಅಂದಿದ್ಲು. ನಳಿಗಿ ಹಾಕಿದ್ದಕ್ಕ ಇರಬೇಕು, ಬಿಸಿನೀರು ಕುಡಿ ಅಂದೆ," ಎಂದ ಸಿದ್ದೇಶ್ವರ. ಅವನ ಮುಖ ಸಪ್ಪಗಾಗಿತ್ತು. "ಅವ್ರು ಯಾರೂ ಏನೂ ಹೇಳಿಲ್ಲರಿ. ಹೌದಲ್ಲೋ ಅಪ್ಪಾ?"

ಶಾಂತಲಿಂಗಪ್ಪ ಕೆಮ್ಮಿದ.

ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಮಾತು ಬಾಯಿಯ ತನಕ ಬಂದು, ಅದರ ಬದಲಿಗೆ ಕೆಮ್ಮು ಹೊರಬಿದ್ದಿತ್ತು. ಮಗ ಅದನ್ನು ಹೌದು ಎಂದು ಹಿಡಿದ. ಒಂದೇ ಒಂದು ಕ್ಷಣ ಇತ್ತು, ಆಗಲೇ ಬಾಯಿಬಿಟ್ಟಿದ್ದರೆ ಆಗುತ್ತಿತ್ತು. ಶಾಂತಲಿಂಗಪ್ಪ ಚಾದರದ ಅಂಚನ್ನು ನೋಡುತ್ತ ನಿಂತ.

ಆ ಮಧ್ಯಾಹ್ನ ಸಿದ್ದೇಶ್ವರ ಮೊದಲಿನ ದವಾಖಾನೆಗೆ ಹೋಗಿ ಜಗಳವಾಡಿ ಬಂದ.  ನಂದಾ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು.

"ಆ ಡಾಕ್ಟರಬಾಯಿ ಏನಂತಾಳ ಗೊತ್ತೇನು ಅಪ್ಪಾ? ನಿಮ್ಮಪ್ಪಗ ಹೇಳಿದ್ದೆ ಅಂತಾಳ! ಎದುರಿಗೆ ನಿಂತು ಎರಡೆರಡ ಸಲ ಹೇಳಿದ್ದೆ ಅಂತಾಳ! ಮಂದಿ ಕೂಡ್ಯಾರ, ಅವರ ಮುಂದ ಉಗದ ಬಂದೀನಿ. ನನ್ನ ಅಪ್ಪ ಅಂಥಾ ಮಾತ ಮರಿಯೂ ಮನಷ್ಯಾ ಅಲ್ಲ, ವಯಸ್ಸಾದವರ ಮ್ಯಾಲ ಸುಳ್ಳ ಹೇಳಾಕ ನಿನಗ ನಾಚಿಕಿ ಬರೂದಿಲ್ಲೇನು ಅಂದೆ. ಅಳಾಕತ್ಲು. ಅಳಲಿ!"

ಶಾಂತಲಿಂಗಪ್ಪನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಎಲ್ಲಿ ನೋಡಬೇಕೋ ತಿಳಿಯದೆ ತಲೆ ಎತ್ತಿದವನಿಗೆ ನಂದಾಳ ಕಣ್ಣು ಕಂಡವು. ಅವಳು ತನ್ನನ್ನೇ ನೋಡುತ್ತಿದ್ದಳು. ಸೊಸೆ ಹೀಗೆ ನೇರವಾಗಿ ನೋಡಿದ್ದು ಅದೇ ಮೊದಲು. ಸೆರಗು ತಲೆಯ ಮೇಲಿತ್ತು, ಕುತ್ತಿಗೆಯ ನಳಿಗೆಯಿಂದ ಉಸಿರು ಸುಯ್ ಎಂದು ಬಂದುಹೋಗುತ್ತಿತ್ತು. ಗಂಡನ ಕೂಗಾಟಕ್ಕೆ ಹೆದರಿದ್ದಾಳೆ ಪಾಪ ಎಂದುಕೊಂಡು ಶಾಂತಲಿಂಗಪ್ಪ ಮುಖ ತಿರುಗಿಸಿದ.

ಶಸ್ತ್ರಕ್ರಿಯೆ ಇಡೀ ಒಂದು ಹಗಲು ನಡೆಯಿತು. ಹೊರಗಿನ ಮರದ ಬಾಕಿನ ಮೇಲೆ ಕೂತ ಶಾಂತಲಿಂಗಪ್ಪ ತನ್ನದೇ ಪಕ್ಕೆಯ ಮೇಲೆ ಕೈಯಿಟ್ಟುಕೊಂಡು ಎಲುಬು ಮುಟ್ಟಿ ಮುಟ್ಟಿ ನೋಡಿಕೊಂಡ. ನನ್ನ ಎಲುಬೇ ತೆಗೆದು ಹಾಕಬಾರದಿತ್ತೇ ಎಂದು ಓಂಕಾರನನ್ನು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಕೇಳುವುದನ್ನು ಕೇಳದೇ ಬಿಡುವುದು ಅವನಿಗೆ ಹಳೆಯ ಅಭ್ಯಾಸ.

ಪೀರಪ್ಪ ಭಕ್ರಿ, ಶೇಂಗಾ ಚಟ್ನಿಯ ಗಂಟು ತಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಗಂಟು ಬಿಚ್ಚಿ ಕೊಡುತ್ತ ಹೇಳಿದ, "ಮಾಲಕರ, ಮೂಡಣ ಹೊಲದ ಜ್ವಾಳ ಹಾಲು ತುಂಬೈತ್ರಿ. ಗುಬ್ಬಿ ಭಾಳ ಆಗ್ಯಾವು. ಈ ವರ್ಷ ಹಕ್ಕಿ ಕಾಯಾಕ ಯಾರನ್ನ ಹಚ್ಚೂಣ್ರಿ?"

"ಉಮಾಬಾಯಿ ಇದ್ದಾಳಲ್ಲೋ. ವರ್ಷಾ ಅಕೀನ ಕಾಯ್ತಾಳ."

ಉಮಾಬಾಯಿ ಎಂದರೆ ಪೀರಪ್ಪನ ಹೆಂಡತಿ. ಪೀರಪ್ಪ ತಲೆ ಕೆರೆದುಕೊಂಡ. "ಅಕಿಗೆ ಟೊಂಕ ನೋವು ಹತ್ತಿ ಮೂರ ವರ್ಷ ಆತ್ರಿ. ಅಟ್ಟ ಹತ್ತಾಕ ಆಗೂದಿಲ್ಲ. ವೈನಿನ ಕಾಯ್ತಿದ್ರು. ನೀವು ಉಂಡು ಚಾವಡಿಗೆ ಹೋದ ಮ್ಯಾಲ ಅಟ್ಟ ಹತ್ತವ್ರು. ವೈನಿ ಒಂದ ಸಲ ಕೂಗಿದ್ರ ಹಕ್ಕಿ ಹೋಟಗಿ ತನಕಾ ಹೋಗಿ ಕೂಡ್ತಿದ್ವು ನೋಡ್ರಿ."

"ಯಾವ ವೈನಿ?" ಪೀರಪ್ಪ ಅತ್ತಿಗೆ ಎಂದು ಕರೆಯುವುದು ಯಾರನ್ನು ಎಂದು ಅವನಿಗೆ ಹೊಳೆಯಲಿಲ್ಲ.

"ಯಾವ ವೈನಿ ಅಂದ್ರ? ನಮ್ಮ ನಂದಾ ವೈನಿರಿ."

ಶಾಂತಲಿಂಗಪ್ಪನ ಕೈಯಲ್ಲಿದ್ದ ಭಕ್ರಿ ಹಾಗೇ ಉಳಿಯಿತು. ಆ ಕೂಗು ಅವನಿಗೆ ಗೊತ್ತಿತ್ತು. ಚಳಿಗಾಲದ ಮಧ್ಯಾಹ್ನ ಚಾವಡಿಯ ಬೇವಿನ ಕೆಳಗೆ ಕೂತಾಗ ಮೂಡಣ ದಿಕ್ಕಿನಿಂದ ಬರುತ್ತಿತ್ತು. "ಹೋ... ಹೋಯ್!" ಎಂದು ಕೆಳಗಿನಿಂದ ಎದ್ದು, ಮೇಲೆ ಹೋಗಿ ಅಲ್ಲೇ ನಿಂತು, ತುದಿಯಲ್ಲಿ ನಗು ಬೆರೆತ ಹಾಗೆ ಒಡೆಯುತ್ತಿತ್ತು. ಮಾತು ನಿಲ್ಲಿಸಿ ಕೇಳುವಂಥ ಕೂಗು. ಏನು ಗಂಟಲಪ್ಪಾ ಈ ಉಮಾಬಾಯಿಯದು ಎಂದು ಚಾವಡಿಯ ಗೆಳೆಯರ ಮುಂದೆ ಹೊಗಳಿದ್ದ. ಸುಗ್ಗಿಯಲ್ಲಿ ಆ ಗಂಟಲಿಗೆಂದೇ ಒಂದು ಚೀಲ ಜೋಳ ಹೆಚ್ಚಿಗೆ ಕೊಟ್ಟಿದ್ದ.

"ಆ ಚೀಲ ನಾವ ಒಯ್ದೇವ್ರಿ, ಖರೆ," ಎಂದ ಪೀರಪ್ಪ, ನೆಲ ನೋಡುತ್ತ. "ವೈನಿನ ಒಯ್ಯಿ ಅಂದ್ರು. ಮಾವಾರಿಗೆ ಹೇಳಬ್ಯಾಡ ಅಂದ್ರು."

ಶಾಂತಲಿಂಗಪ್ಪನಿಗೆ ಊಟ ಸೇರಲಿಲ್ಲ. ತಾನು ಅವಳ ಧ್ವನಿ ಕೇಳಿಯೇ ಇಲ್ಲ, ಹಾಗಾಗಿ ಬದಲಾದದ್ದು ತಿಳಿಯಲಿಲ್ಲ ಎಂದು ಇಷ್ಟು ದಿನ ಒಳಗೊಳಗೇ ಒಂದು ನೆಪ ಇಟ್ಟುಕೊಂಡಿದ್ದ. ಈಗ ಅದೂ ಹೋಯಿತು. ಅವನು ಕೇಳಿದ್ದ, ಮೆಚ್ಚಿದ್ದ. ಯಾರದು ಎಂದು ಎದ್ದು ಹೋಗಿ ನೋಡಿರಲಿಲ್ಲ. ಇನ್ನು ಮೇಲೆ ಆ ಕೂಗು ಯಾವ ಹೊಲದಲ್ಲೂ ಏಳುವುದಿಲ್ಲ.

ಸಂಜೆ ಓಂಕಾರ ಹೊರಗೆ ಬಂದು, ಎಲುಬು ಚೆನ್ನಾಗಿ ಕೂತಿದೆ, ದಾರಿ ಅಗಲವಾಗಿದೆ ಎಂದ. ಸಿದ್ದೇಶ್ವರ ಅವನ ಕಾಲು ಮುಟ್ಟಲು ಹೋದ.

ಮನೆಗೆ ಬಂದ ಮೇಲೆ ಕುತ್ತಿಗೆಯ ನಳಿಗೆಯನ್ನು ದಿನಾ ತೊಳೆಯಬೇಕಾಗುತ್ತಿತ್ತು. ಕಫ ಕಟ್ಟಿದರೆ ಜೀವಕ್ಕೇ ಅಪಾಯ. ನಂದಾ ಅದನ್ನು ನರ್ಸಿನಿಂದ ಕಲಿತಿದ್ದಳು, ಕನ್ನಡಿ ನೋಡಿಕೊಂಡು ತಾನೇ ಮಾಡಿಕೊಳ್ಳುತ್ತಿದ್ದಳು. ಆದರೆ ಎರಡೂ ಕೈ ಕೆಲಸಕ್ಕೆ ಬೇಕು, ಕನ್ನಡಿ ಹಿಡಿಯುವವರು ಯಾರು? ಗುರುಬಾಯಿ ಆ ತೂತು ಕಂಡರೆ ಅಳುತ್ತ ಕೂರುತ್ತಿದ್ದಳು. ದೀಪಾಲಿ ಬೆಳಿಗ್ಗೆ ಸಾಲೆಗೆ ಹೋಗುತ್ತಿದ್ದಳು. ಸಿದ್ದೇಶ್ವರ ಮತ್ತೆ ಟ್ರಕ್ಕಿನ ಮೇಲೆ. ಒಂದು ದಿನ ಕನ್ನಡಿ ಜಾರಿ ಬಿದ್ದ ಸದ್ದು ಕೇಳಿ ಶಾಂತಲಿಂಗಪ್ಪ ಪಡಸಾಲೆಯಿಂದ ಎದ್ದು ಬಂದ. ಹೊಸ್ತಿಲಲ್ಲಿ ಕೆಮ್ಮುವುದನ್ನು ಮರೆತಿದ್ದ. ನೆಲದ ಮೇಲಿದ್ದ ಕನ್ನಡಿ ಎತ್ತಿಕೊಂಡು, ಸೊಸೆಯ ಮುಂದೆ ಮಣೆಯ ಮೇಲೆ ಕೂತು, ಎರಡೂ ಕೈಯಲ್ಲಿ ಹಿಡಿದ. ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ನೆಟ್ಟಿದ್ದ. ಕನ್ನಡಿ ಓರೆಯಾದಾಗ ಅವಳು ಬೆರಳಿನಿಂದ ಅದರ ಅಂಚು ತಟ್ಟಿ ಸರಿಮಾಡುತ್ತಿದ್ದಳು.

ಅಂದಿನಿಂದ ಅದು ಅವನ ಕೆಲಸವಾಯಿತು. ನಂದಾ ನೀರು ನುಂಗುವುದನ್ನೂ ಹೊಸದಾಗಿ ಕಲಿಯಬೇಕಾಯಿತು, ನೆತ್ತಿಗೇರಿ ಕೆಮ್ಮಿದರೆ ಸದ್ದೇ ಬರುತ್ತಿರಲಿಲ್ಲ, ಮೈ ಮಾತ್ರ ಅಲುಗುತ್ತಿತ್ತು. ಶಾಂತಲಿಂಗಪ್ಪ ದಿನಾ ಕನ್ನಡಿ ಹಿಡಿದು 'ಇವತ್ತು ಹೇಳುತ್ತೇನೆ' ಎಂದುಕೊಳ್ಳುತ್ತಿದ್ದ. ನನಗೆ ಗೊತ್ತಿತ್ತು, ನನಗೇ ಹೇಳಿದ್ದರು, ನಾನು ನಿನ್ನನ್ನು ಕೇಳಲಿಲ್ಲ ಎಂದು ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದ. ಆದರೆ ತಿರುಗಿ ಒಂದು ಮಾತಾಡಲಾಗದವಳ ಮುಂದೆ ತನ್ನ ಭಾರ ಇಳಿಸಿ ಎದ್ದುಹೋಗುವುದು ಇನ್ನೊಂದು ಅನ್ಯಾಯ ಎನ್ನಿಸಿ ಸುಮ್ಮನಾಗುತ್ತಿದ್ದ. ಒಳಗಿನ ನಳಿಗೆ ತೆಗೆಯಲಿ, ಅವಳಿಗೆ ಬೈಯುವಷ್ಟು ಧ್ವನಿ ಬರಲಿ, ಆಗ ಹೇಳುತ್ತೇನೆ. ಪೂರ್ತಿ ಸುಳ್ಳು ನೆಪವೇನೂ ಅಲ್ಲ ಅದು, ಪೂರ್ತಿ ನಿಜವೂ ಅಲ್ಲ.

ಜೋಳದ ರಾಶಿ ಆಯಿತು. ಯುಗಾದಿ ಹೋಯಿತು, ಬಿಸಿಲು ಹೋಯಿತು. ಒಂದೆರಡು ಮಳೆ ಬಿದ್ದ ಮೇಲೆ ಓಂಕಾರ ಒಳಗಿನ ನಳಿಗೆ ತೆಗೆದ, ಕೆಲವು ವಾರ ಕಾದು ಕುತ್ತಿಗೆಯ ತೂತನ್ನೂ ಮುಚ್ಚಿದ. ಉಸಿರು ಸಲೀಸಾಗಿ ಆಡಿತು. ಮಾತಾಡಿ ನೋಡಿ ಎಂದಾಗ ನಂದಾ ಮಗಳ ಹೆಸರು ಹಿಡಿದು ಕರೆದಳಂತೆ. ದೀಪಾಲಿ ಅಮ್ಮನ ಕೊರಳಿಗೆ ಜೋತುಬಿದ್ದು ಅತ್ತಳಂತೆ, ಸಂತೋಷಕ್ಕಲ್ಲ, ಅದು ಅವಳ ಅಮ್ಮನ ಧ್ವನಿಯಾಗಿರಲಿಲ್ಲ ಎಂದು. ಇದನ್ನೆಲ್ಲ ಸಿದ್ದೇಶ್ವರ ಬಂದು ಹೇಳಿದ. ಆ ಹೊತ್ತಿಗೂ ಶಾಂತಲಿಂಗಪ್ಪ ಹೊರಗಿನ ಬಾಕಿನ ಮೇಲೆಯೇ ಕೂತಿದ್ದ.

ಸಿದ್ದೇಶ್ವರ ಸೂರತ್‌ಗೆ ಹೊರಟುಹೋದ ಮೇಲೆ ಒಂದು ದಿನ ಗುರುಬಾಯಿ ಮಠಕ್ಕೆ ಹೋಗಿದ್ದಳು. ದೀಪಾಲಿ ಅಂಗಳದಲ್ಲಿ ಫೋನು ಹಿಡಿದು ಕೂತಿದ್ದಳು. ಶಾಂತಲಿಂಗಪ್ಪ ಅಡುಗೆಮನೆಯ ಬಾಗಿಲಿಗೆ ಬಂದು, ಅವಳು ಹಿಂದೆ ನಿಲ್ಲುತ್ತಿದ್ದ ಜಾಗದಲ್ಲೇ ಚೌಕಟ್ಟು ಹಿಡಿದು ನಿಂತ.

"ನಂದಾ," ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನಿನಗ ಒಂದ ಮಾತ ಹೇಳೂದೈತಿ ತಂಗಿ."

ನಂದಾ ಹಿಟ್ಟಿನ ಕೈ ತೊಳೆದುಕೊಂಡು ಹತ್ತಿರ ಬಂದಳು. ದೂರ ನಿಂತರೆ ಅವಳ ಮಾತು ಈಗ ಯಾರಿಗೂ ಕೇಳಿಸುತ್ತಿರಲಿಲ್ಲ.

"ಗೊತ್ತೈತ್ರಿ ಮಾವಾರ," ಎಂದಳು.

ಒಣಗಿದ ಎಲೆ ಉಜ್ಜಿದ ಹಾಗಿತ್ತು ಆ ಧ್ವನಿ. ನಡುನಡುವೆ ಗಾಳಿಯಷ್ಟೇ ಬಂದು ಅಕ್ಷರ ಉದುರಿಹೋಗುತ್ತಿದ್ದವು.

"ಆ ದಿನ ಡಾಕ್ಟರಬಾಯಿ ನಿಮಗ ಹೇಳುವಾಗ ಪರದಿ ಆಚಿ ನಾ ಎಚ್ಚರ ಇದ್ದೆ. ಎಲ್ಲಾ ಕೇಳಿಸ್ತು."

ಶಾಂತಲಿಂಗಪ್ಪ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ.

"ಆವಾಜ ಬದಲಾಗಾಕತ್ತಿದ್ದು ನನಗ ತಿಳೀತು. ಮಾವಾರಿಗೆ ಹೇಳ್ಯಾರ, ಅವರ ಕೇಳ್ತಾರ ಅಂತ ಇಲ್ಲಿ ಬಂದು ನಿಂತೆ. ಹುಡುಗಿ ಕಡೆ ಹೇಳಿ ಕಳಸ್ಬೇಕಿತ್ತು, ಖರೆ. ಹಟ ಹಿಡದೆ. ಹನ್ನೆರಡ ವರ್ಷದಾಗ ಒಂದ ಸಲ ನೀವಾಗೇ ನನ್ನ ಕೇಳ್ಲಿ ಅಂತ." ಅವಳು ಉಸಿರು ತೆಗೆದುಕೊಂಡಳು. "ನಂದೂ ತಪ್ಪ ಐತ್ರಿ. ಭಾಳ ದಿನ ಕಾದುಬಿಟ್ಟೆ."

ಬಾಗಿಲಲ್ಲಿ ನಿಂತ ಬಳೆ, ತಾಟಿನ ಮೇಲಿದ್ದ ತನ್ನ ಕಣ್ಣು, ಏನೂ ಬ್ಯಾಡಂತ ಮುತ್ಯಾ. ದವಾಖಾನೆಯಲ್ಲಿ ಮಗ ಅಪ್ಪನ ಪರವಾಗಿ ಕೂಗಾಡುವಾಗ ಅವಳು ನೋಡಿದ ಆ ನೋಟ. ಎಲ್ಲವೂ ಒಂದೇ ಸಲಕ್ಕೆ ಅವನ ಮೇಲೆ ಬಂದು ಬಿದ್ದವು.

"ಅವನಿಗೆ ಹೇಳ್ಲಿಲ್ಲೇನವ್ವಾ ನೀನು? ಸಿದ್ದೂಗ?"

ನಂದಾ ಇಲ್ಲವೆಂದು ತಲೆಯಾಡಿಸಿದಳು. "ಅವ್ರ ಮಂದಿ ಮುಂದ ನಿಮ್ಮ ಸಲುವಾಗಿ ಅಷ್ಟ ಕೂಗ್ಯಾಡಿ ಬಂದಿದ್ರು. ಹ್ಯಾಂಗ ಹೇಳ್ಲಿ?"

ಶಾಂತಲಿಂಗಪ್ಪನ ಕಣ್ಣಲ್ಲಿ ನೀರು ತುಂಬಿತು. ಅದನ್ನು ಅವನು ಮುಚ್ಚಿಕೊಳ್ಳಲಿಲ್ಲ. "ಬೈ ತಂಗಿ," ಎಂದ. "ನಿನ್ನ ಕೈ ಮುಗೀತೀನಿ. ಮನಸಿಗೆ ಬಂದಂಗ ಬೈದುಬಿಡು ನನ್ನ. ಊರಿಗೆಲ್ಲಾ ಕೇಳೂ ಹಂಗ ಬೈ."

ನಂದಾ ಅವನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಕ್ಷಮೆ ಇತ್ತೆಂದೂ ಹೇಳಲಾಗದು.

"ಬೈಯಾಕ ಆವಾಜ ಬೇಕಲ್ರಿ ಮಾವಾರ," ಎಂದಳು. ತಿರುಗಿ ಹೋಗಿ ಒಲೆಯ ಮುಂದೆ ಕೂತಳು.

ಭಕ್ರಿ ತಟ್ಟುವ ಸದ್ದು ಶುರುವಾಯಿತು. ಶಾಂತಲಿಂಗಪ್ಪ ಅದನ್ನು ಕೇಳುತ್ತ ಒಂದಷ್ಟು ಹೊತ್ತು ಅಲ್ಲೇ ನಿಂತಿದ್ದ. ಆಮೇಲೆ ಅಂಗಳಕ್ಕೆ ಬಂದು, "ದೀಪಾ, ನಿಮ್ಮಪ್ಪಗ ಫೋನ್ ಹಚ್ಚು," ಎಂದ.

ಸಿದ್ದೇಶ್ವರ ಗಾಡಿ ಓಡಿಸುತ್ತಿದ್ದ. "ಏನಪ್ಪಾ? ನಂದಾ ಆರಾಮ ಅದಾಳಲ್ಲ?"

"ಆರಾಮ ಅದಾಳ. ಗಾಡಿ ಬಾಜೂಕ ನಿಂದರ್ಸು. ನಿಂದರ್ಸಿದಿ?" ಶಾಂತಲಿಂಗಪ್ಪನಿಗೆ ಅಭ್ಯಾಸಬಲದಿಂದ ಗಂಟಲಿಗೆ ಕೆಮ್ಮು ಬಂತು, ಅದನ್ನು ನುಂಗಿಕೊಂಡ. "ಸಿದ್ದೂ, ಆ ಡಾಕ್ಟರಬಾಯಿ ಸುಳ್ಳು ಹೇಳಿದ್ದಿಲ್ಲೋ. ನನಗ ಹೇಳಿದ್ಲು. ಎರಡೆರಡ ಸಲ ಹೇಳಿದ್ಲು. ನಾ ಯಾರಿಗೂ ಹೇಳಲಿಲ್ಲ."

ಆ ಕಡೆ ದೊಡ್ಡ ರಸ್ತೆಯಲ್ಲಿ ಗಾಡಿಗಳು ಹಾಯುವ ಸದ್ದಷ್ಟೇ ಕೇಳುತ್ತಿತ್ತು. ದೀಪಾಲಿ ಬಾಯಿ ತೆರೆದು ಮುತ್ಯಾನ ಮುಖ ನೋಡುತ್ತಿದ್ದಳು.

ಶಾಂತಲಿಂಗಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡ. ಬೈಯಲು ಬೇಕಾದ ಗಟ್ಟಿ ಧ್ವನಿ ಮಗನಿಗಾದರೂ ಇತ್ತು. ಅವನು ಬೈಯಲಿ ಎಂದು ಕಾಯುತ್ತ ಅಂಗಳದಲ್ಲಿ ನಿಂತ.